ಕಂಪ್ಯೂಟರಿಗೊಬ್ಬ ಪುಕ್ಕಟೆ ಕಾವಲುಗಾರ

ಕಳೆದ ತಿಂಗಳು ಒಂದು ಸಂಜೆ ಅಸರ್ ನಮಾಝ್ ಮುಗಿಸಿ ಚಹಾಕ್ಕೆ ನೀರಿಟ್ಟಿದ್ದೆ. ಪಕ್ಕದ ಮನೆಯ ಸಹೋದರಿ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲೊಂದು ಪೆನ್‌ಡ್ರೈವ್ ಇತ್ತು. ಮುಖ ಬಾಡಿತ್ತು.

"ಆಪಾ, ಎಲ್ಲಾ ಹೋಯ್ತು. ಮಗಳ ಮದುವೆ ಫೋಟೋ ಒಂದೂ ಕಾಣ್ತಾ ಇಲ್ಲ. ವೀಡಿಯೋನೂ ಇಲ್ಲ" ಎಂದರು.

ಅವರ ಪತಿ ಗಲ್ಫ್‌ನಲ್ಲಿದ್ದಾರೆ. ಮನೆ, ಮಕ್ಕಳು, ಬ್ಯಾಂಕಿನ ವ್ಯವಹಾರ, ಕಂಪ್ಯೂಟರ್ ಎಲ್ಲವೂ ಇವರ ಮೇಲೆಯೇ ಇದೆ. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಮದುವೆಯ ಫೋಟೋಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಸಾಗಿಸಿ, ಕಂಪ್ಯೂಟರಿನಿಂದ ಅಳಿಸಿದ್ದರು. ಪಿಯುಸಿ ಓದುವ ಮಗ ಅದೇ ಪೆನ್‌ಡ್ರೈವ್‌ಗೆ ವಿದ್ಯಾರ್ಥಿವೇತನದ ಅರ್ಜಿಯನ್ನು ಹಾಕಿಕೊಂಡು ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋಗಿದ್ದ. ಮರಳಿ ಬಂದು ಮನೆಯ ಕಂಪ್ಯೂಟರಿಗೆ ಚುಚ್ಚಿದಾಗ ಫೋಲ್ಡರುಗಳೆಲ್ಲ ಮಾಯವಾಗಿ, ಮೂಲೆಯಲ್ಲಿ ಪುಟ್ಟ ಬಾಣದ ಗುರುತಿರುವ ಒಂದೇ ಒಂದು ಚಿತ್ರ ಉಳಿದಿತ್ತು.

"ಫೋಟೋ ಹೋದರೆ ಬೀಗರ ಮನೆಯಿಂದ ಕೇಳಿ ತರಿಸಬಹುದು ಆಪಾ. ಆದರೆ ಆ ವೀಡಿಯೋದಲ್ಲಿ ನಮ್ಮ ಅಬ್ಬಾ ಮೊಮ್ಮಗಳಿಗೆ ದುಆ ಮಾಡಿದ್ದಾರೆ. ಅವರು ತೀರಿಕೊಂಡು ಎರಡು ವರ್ಷವಾಯ್ತು. ಅವರ ಧ್ವನಿ ಇರೋದು ಅದರಲ್ಲಿ ಮಾತ್ರ."

ಚಹಾದ ಒಲೆ ಆರಿಸಿ ಅವರ ಜೊತೆಯಲ್ಲೇ ಹೋದೆ.

ಸಹೋದರಿಯರೇ, ಕಂಪ್ಯೂಟರಿನ ಬೆಲೆ ಅಂಗಡಿಯವನು ಬರೆದು ಕೊಟ್ಟ ಬಿಲ್ಲಿನಲ್ಲಿರುವುದಿಲ್ಲ. ಯಂತ್ರ ಕೆಟ್ಟರೆ ಇನ್ನೊಂದು ಬಂದೀತು. ಆದರೆ ಅದರೊಳಗೆ ನಾವು ತುಂಬಿಟ್ಟಿರುವ ಚಿತ್ರ, ಧ್ವನಿ, ಮಕ್ಕಳ ಅಂಕಪಟ್ಟಿ, ಮನೆಯ ಕಾಗದಪತ್ರಗಳು ಹೋದರೆ ಯಾವ ಅಂಗಡಿಯಲ್ಲೂ ಸಿಗಲಾರವು. ಅವುಗಳನ್ನು ಕಾಯಲು ಸಾವಿರಾರು ರೂಪಾಯಿ ಖರ್ಚು ಮಾಡಬೇಕೆಂದೇನೂ ಇಲ್ಲ. ಪುಕ್ಕಟೆ ಕಾವಲುಗಾರನೊಬ್ಬ ಹೆಚ್ಚಿನ ಕಂಪ್ಯೂಟರುಗಳಲ್ಲಿ ಈಗಾಗಲೇ ಇದ್ದಾನೆ. ಪಕ್ಕದ ಮನೆಯಲ್ಲೂ ಇದ್ದ. ಆದರೆ ಅವನ ಕಣ್ಣಿಗೆ ಬಟ್ಟೆ ಕಟ್ಟಲಾಗಿತ್ತು. ಹೇಗೆಂದು ಮುಂದೆ ಹೇಳುತ್ತೇನೆ.

ವೈರಸ್ ಎಂದರೆ ಏನು?

ವೈರಸ್ ಎಂದರೆ ಧೂಳಿನಿಂದಲೋ ಕರೆಂಟಿನ ಏರುಪೇರಿನಿಂದಲೋ ಬರುವ ಕಾಯಿಲೆಯಲ್ಲ. ಅದು ಮನುಷ್ಯರು ಬರೆದ ಪ್ರೋಗ್ರಾಮ್. ನಾವು ಪತ್ರ ಬರೆಯಲು ಬಳಸುವುದು ಒಂದು ಪ್ರೋಗ್ರಾಮ್ ಆದರೆ, ಇದು ನಮಗೆ ತಿಳಿಯದಂತೆ ಒಳನುಗ್ಗಿ ತನ್ನ ಕೆಲಸ ಮಾಡುವ ಇನ್ನೊಂದು ಪ್ರೋಗ್ರಾಮ್. ತನ್ನದೇ ಪ್ರತಿಗಳನ್ನು ಮಾಡಿಕೊಂಡು ಒಂದರಿಂದ ಇನ್ನೊಂದಕ್ಕೆ ಹರಡುವುದರಿಂದ ರೋಗಾಣುವಿನ ಹೆಸರು ಬಂದಿದೆ.

ಐಬಿಎಂ ಮಾದರಿಯ ಪರ್ಸನಲ್ ಕಂಪ್ಯೂಟರುಗಳಲ್ಲಿ ಹರಡಿದ ಮೊದಲ ವೈರಸ್ ಎಂದು ಹೆಸರಾದ 'ಬ್ರೈನ್' 1986ರಲ್ಲಿ ಲಾಹೋರಿನಲ್ಲಿ ಹುಟ್ಟಿತು. ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು ತಾವು ತಯಾರಿಸಿದ ವೈದ್ಯಕೀಯ ಸಾಫ್ಟ್‌ವೇರನ್ನು ಜನರು ಕದ್ದು ನಕಲು ಮಾಡುವುದನ್ನು ತಡೆಯಲೆಂದು ಅದನ್ನು ಬರೆದರು. ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಹಾಕಿದ್ದರು! ಫ್ಲಾಪಿಯಿಂದ ಫ್ಲಾಪಿಗೆ ಹತ್ತಿಕೊಂಡು ಅದು ದೇಶಾಂತರ ಸಂಚರಿಸಿತು.

ಇಂದಿನ ವೈರಸ್ ಬರೆಯುವವರು ವಿಳಾಸ ಕೊಡುವುದಿಲ್ಲ. ಅವರಿಗೆ ಬೇಕಿರುವುದು ಹಣ. ಇವರ ಪ್ರೋಗ್ರಾಮುಗಳು ಹಲವು ಬಗೆಯವು. ಬ್ರೌಸರಿನಲ್ಲಿ ನಾವು ಉಳಿಸಿಟ್ಟ ಪಾಸ್‌ವರ್ಡುಗಳನ್ನು ಕದಿಯುವಂಥದ್ದು ಒಂದು. ಒಳ್ಳೆಯ ಸಾಫ್ಟ್‌ವೇರಿನ ವೇಷ ಹಾಕಿ ಬಾಗಿಲು ತೆರೆಸುವ 'ಟ್ರೋಜನ್' ಇನ್ನೊಂದು. ನಮ್ಮ ಕಡತಗಳಿಗೆಲ್ಲ ಬೀಗ ಜಡಿದು, ಕೀಲಿ ಬೇಕಾದರೆ ಹಣ ಕೊಡಿ ಎನ್ನುವ 'ರಾನ್ಸಮ್‌ವೇರ್' ಮತ್ತೊಂದು. ಇವೆಲ್ಲಕ್ಕೂ ಸೇರಿ 'ಮಾಲ್‌ವೇರ್' ಎಂಬ ಹೆಸರಿದೆ. ಮನೆಮಾತಿನಲ್ಲಿ ನಾವು ಎಲ್ಲವನ್ನೂ ವೈರಸ್ ಎಂದೇ ಕರೆಯುತ್ತೇವೆ. ಈ ಲೇಖನದಲ್ಲೂ ಹಾಗೆಯೇ ಕರೆಯೋಣ.

ಇಲ್ಲೊಂದು ಮಾತನ್ನು ನೆನಪಿಡಬೇಕು. ಮನೆಯ ಕಂಪ್ಯೂಟರಿಗೆ ವೈರಸ್ ಹೆಚ್ಚಾಗಿ ಗೋಡೆ ಕೊರೆದು ಬರುವುದಿಲ್ಲ. ನಾವೇ ಚಿಲಕ ತೆಗೆದು ಒಳಗೆ ಕರೆಯುತ್ತೇವೆ. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ಎಂಬ ಶೀರ್ಷಿಕೆಯ ಈಮೇಲ್ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕಂಪ್ಯೂಟರುಗಳನ್ನು ಕೆಡಿಸಿತು. ಅದರೊಂದಿಗೆ ಬಂದ ಕಡತ ಪ್ರೇಮಪತ್ರದಂತೆ ಕಾಣುತ್ತಿತ್ತು. ಹೆಸರಿನ ಕೊನೆಯಲ್ಲಿ ಟಿಎಕ್ಸ್‌ಟಿ ಎಂದು ಸಾದಾ ಬರಹದ ಗುರುತಿತ್ತು. ಅದರ ಹಿಂದೆ ವಿಬಿಎಸ್ ಎಂಬ ಇನ್ನೊಂದು ಬಾಲವಿದ್ದುದು ಜನರಿಗೆ ಕಾಣಲಿಲ್ಲ. ಏಕೆಂದರೆ ವಿಂಡೋಸ್ ಕಡತದ ಕೊನೆಯ ಬಾಲವನ್ನು ಸಾಮಾನ್ಯವಾಗಿ ಮರೆಮಾಡುತ್ತದೆ. ಪತ್ರವೆಂದು ತೆರೆದವರು ಪ್ರೋಗ್ರಾಮನ್ನು ಓಡಿಸಿದರು. ಅದು ಅವರ ಫೋಟೋಗಳನ್ನು ಅಳಿಸಿ, ಆ ಜಾಗದಲ್ಲಿ ತನ್ನ ಪ್ರತಿಗಳನ್ನು ಕೂರಿಸಿತು. ಇಷ್ಟು ವರ್ಷಗಳ ನಂತರವೂ ಈ ಉಪಾಯ ಬದಲಾಗಿಲ್ಲ. ಬಿಲ್, ಕೊರಿಯರ್ ರಸೀದಿ, ಉದ್ಯೋಗದ ಆದೇಶ ಎಂಬ ಹೆಸರಿನಲ್ಲಿ ಬರುವ ಕಡತದ ಕೊನೆಯಲ್ಲಿ ಇಎಕ್ಸ್‌ಇ, ವಿಬಿಎಸ್, ಜೆಎಸ್, ಎಲ್‌ಎನ್‌ಕೆ ಎಂಬ ಬಾಲವಿದ್ದರೆ ಅದು ಓದುವ ಕಾಗದವಲ್ಲ, ಓಡುವ ಪ್ರೋಗ್ರಾಮ್. ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ' ಪಟ್ಟಿಯಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದನ್ನು ಆರಿಸಿಟ್ಟರೆ ಇಎಕ್ಸ್‌ಇ, ವಿಬಿಎಸ್‌ನಂಥ ಬಾಲಗಳು ಕಣ್ಣಿಗೆ ಬೀಳುತ್ತವೆ. ಎಲ್‌ಎನ್‌ಕೆ ಮಾತ್ರ ಆಗಲೂ ಕಾಣುವುದಿಲ್ಲ. ಅದನ್ನು ಚಿತ್ರದ ಮೂಲೆಯ ಬಾಣದಿಂದಲೇ ಗುರುತಿಸಬೇಕು.

ಕಾವಲುಗಾರ ಮನೆಯಲ್ಲೇ ಇದ್ದಾನೆ

ಆಂಟಿವೈರಸ್ ಕೆಲಸ ಮಾಡುವ ರೀತಿ ಪೊಲೀಸ್ ಠಾಣೆಯ ರೀತಿಯೇ. ಠಾಣೆಯಲ್ಲಿ ಹಳೆಯ ಕಳ್ಳರ ಭಾವಚಿತ್ರಗಳಿರುತ್ತವೆ. ಹಾಗೆಯೇ ಆಂಟಿವೈರಸ್ ಬಳಿ ಗೊತ್ತಿರುವ ವೈರಸ್‌ಗಳ ಗುರುತಿನ ಪಟ್ಟಿಯಿರುತ್ತದೆ. ನಾವು ತೆರೆಯುವ ಪ್ರತಿ ಕಡತವನ್ನೂ ಅದು ಆ ಪಟ್ಟಿಯೊಂದಿಗೆ ಹೋಲಿಸುತ್ತದೆ. ಪಟ್ಟಿಯಲ್ಲಿಲ್ಲದ ಹೊಸ ಕಳ್ಳನಾದರೆ ಅವನ ನಡತೆಯನ್ನು ಗಮನಿಸುತ್ತದೆ. ಇದ್ದಕ್ಕಿದ್ದಂತೆ ನೂರಾರು ಕಡತಗಳನ್ನು ತಿದ್ದಲು ಹೊರಟ ಪ್ರೋಗ್ರಾಮಿನ ಮೇಲೆ ಸಂಶಯ ಪಟ್ಟು ತಡೆಯುತ್ತದೆ. ಪಟ್ಟಿ ದಿನದಿನವೂ ಬೆಳೆಯುವುದರಿಂದ ಆಂಟಿವೈರಸ್‌ಗೆ ಅಪ್‌ಡೇಟ್ ಬೇಕು. ಕಳೆದ ವರ್ಷದ ಪಟ್ಟಿ ಹಿಡಿದು ಇಂದಿನ ಕಳ್ಳನನ್ನು ಗುರುತಿಸುವುದು ಕಷ್ಟ.

ಹಿಂದೆ ಕಂಪ್ಯೂಟರ್ ತಂದ ಕೂಡಲೇ ಆಂಟಿವೈರಸ್ ಸಿ.ಡಿ.ಯನ್ನೂ ಕೊಳ್ಳಬೇಕಿತ್ತು. ಮೈಕ್ರೋಸಾಫ್ಟ್ ಸಂಸ್ಥೆ 2009ರಲ್ಲಿ 'ಸೆಕ್ಯುರಿಟಿ ಎಸೆನ್ಷಿಯಲ್ಸ್' ಎಂಬ ಉಚಿತ ಆಂಟಿವೈರಸ್ ಬಿಡುಗಡೆ ಮಾಡಿತು. 2012ರಲ್ಲಿ ಬಂದ ವಿಂಡೋಸ್ 8ರಿಂದ ಅದನ್ನು 'ಡಿಫೆಂಡರ್' ಎಂಬ ಹೆಸರಿನಲ್ಲಿ ವಿಂಡೋಸ್‌ನೊಳಗೇ ಸೇರಿಸಿತು. ಆರಂಭದಲ್ಲಿ ಇದನ್ನು ತಜ್ಞರು ಅಷ್ಟಾಗಿ ಮೆಚ್ಚಿರಲಿಲ್ಲ. ಈಗ ಹಾಗಿಲ್ಲ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಎಂಬ ಸ್ವತಂತ್ರ ಪರೀಕ್ಷಾ ಸಂಸ್ಥೆಗಳ ಪರೀಕ್ಷೆಗಳಲ್ಲಿ ಇದು ಹಣ ಕೊಟ್ಟು ಕೊಳ್ಳುವ ಆಂಟಿವೈರಸ್‌ಗಳ ಸಾಲಿನಲ್ಲೇ ನಿಲ್ಲುತ್ತಿದೆ. ಮನೆಯ ಸಾಮಾನ್ಯ ಬಳಕೆಗೆ ಇದು ಸಾಕು.

ಅದು ಎಚ್ಚರವಾಗಿದೆಯೇ ಎಂದು ನೋಡುವುದು ಮಾತ್ರ ನಮ್ಮ ಕೆಲಸ. ಇಂದೇ ಹೀಗೆ ಮಾಡಿ ನೋಡಿ:

1. ಸ್ಟಾರ್ಟ್ ಗುಂಡಿ ಒತ್ತಿ 'ವಿಂಡೋಸ್ ಸೆಕ್ಯುರಿಟಿ' ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ತೆರೆಯಿರಿ.

2. 'ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್' ಎಂಬುದನ್ನು ಒತ್ತಿ. ಹಸಿರು ಗುರುತಿದ್ದರೆ ಸದ್ಯಕ್ಕೆ ಸರಿ. ಹಳದಿ ಅಥವಾ ಕೆಂಪು ಇದ್ದರೆ ಅಲ್ಲಿ ಏನು ಬರೆದಿದೆಯೆಂದು ಓದಿ.

3. ಕೆಳಗೆ 'ಪ್ರೊಟೆಕ್ಷನ್ ಅಪ್‌ಡೇಟ್ಸ್' ಎಂಬಲ್ಲಿ ಕೊನೆಯ ಬಾರಿ ಪಟ್ಟಿ ಬಂದ ದಿನಾಂಕವಿರುತ್ತದೆ. ಹಳೆಯದಾಗಿದ್ದರೆ 'ಚೆಕ್ ಫಾರ್ ಅಪ್‌ಡೇಟ್ಸ್' ಒತ್ತಿ.

4. 'ಮ್ಯಾನೇಜ್ ಸೆಟ್ಟಿಂಗ್ಸ್' ಒಳಗೆ ಹೋಗಿ. 'ರಿಯಲ್ ಟೈಮ್ ಪ್ರೊಟೆಕ್ಷನ್', 'ಕ್ಲೌಡ್ ಡೆಲಿವರ್ಡ್ ಪ್ರೊಟೆಕ್ಷನ್', 'ಟ್ಯಾಂಪರ್ ಪ್ರೊಟೆಕ್ಷನ್' ಈ ಮೂರೂ 'ಆನ್' ಆಗಿರಬೇಕು.

5. ಅದೇ ಪುಟದ ಕೆಳಭಾಗದಲ್ಲಿ 'ಎಕ್ಸ್‌ಕ್ಲೂಷನ್ಸ್' ಎಂಬ ಸಾಲಿದೆ. ಅದನ್ನು ತೆರೆಯಿರಿ. ಮನೆಯ ಕಂಪ್ಯೂಟರಿನಲ್ಲಿ ಈ ಪಟ್ಟಿ ಖಾಲಿಯಿರಬೇಕು.

ಈ ಐದನೆಯದನ್ನು ದಯವಿಟ್ಟು ಬಿಡಬೇಡಿ. ಎಕ್ಸ್‌ಕ್ಲೂಷನ್ ಎಂದರೆ "ಈ ಕೋಣೆಯೊಳಗೆ ನೀನು ನೋಡಬೇಡ" ಎಂದು ಕಾವಲುಗಾರನಿಗೆ ಹೇಳುವುದು. ನೆರೆಮನೆಯಲ್ಲಿ ಆಗಿದ್ದುದು ಇದೇ. ಹಸಿರು ಗುರುತು ಇತ್ತು, ಅಪ್‌ಡೇಟ್ ಸಹ ಆಗಿತ್ತು. ಆದರೆ ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ ಸಿ ಡ್ರೈವ್ ಮತ್ತು ಇ ಡ್ರೈವ್ ಎರಡೂ ಇದ್ದವು. ಹುಡುಗನನ್ನು ಕೇಳಿದೆ. ಮೊದಲು ತಲೆ ತಗ್ಗಿಸಿದ. ಆಮೇಲೆ ಹೇಳಿದ:

"ಫ್ರೆಂಡ್ ಪೆನ್‌ಡ್ರೈವ್‌ನಲ್ಲಿ ಒಂದು ಗೇಮ್ ತಂದಿದ್ದ ಖಾಲಾ. ದುಡ್ಡು ಕೊಡದೆ ಆಡೋ ಕ್ರ್ಯಾಕ್ ಇತ್ತು. ಡಿಫೆಂಡರ್ ಅದನ್ನ ಅಳಿಸ್ತಾನೇ ಇತ್ತು. ಅದಕ್ಕೇ ಹೀಗೆ ಮಾಡಿ ಅಂತ ಅದರಲ್ಲೇ ಬರೆದಿತ್ತು."

ಕಳ್ಳನೇ ಬಂದು, "ನಿಮ್ಮ ನಾಯಿ ಬೊಗಳುತ್ತಿದೆ, ಸ್ವಲ್ಪ ಕಟ್ಟಿಹಾಕಿ" ಎಂದರೆ ನಾವು ಕಟ್ಟಿಹಾಕುತ್ತೇವೆಯೇ? ಆದರೆ ಕಂಪ್ಯೂಟರಿನಲ್ಲಿ ಮಕ್ಕಳು ಮಾತ್ರವಲ್ಲ, ದೊಡ್ಡವರೂ ಹಾಗೆ ಮಾಡುತ್ತಾರೆ. ಗೇಮ್ ಆಟ ಮುಗಿಯಿತು, ಗೆಳೆಯ ಹೋದ, ಪಟ್ಟಿ ಮಾತ್ರ ಹಾಗೆಯೇ ಉಳಿಯಿತು. ತಿಂಗಳುಗಳ ಬಳಿಕ ಜೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವಿಗೂ ಅದೇ 'ಇ' ಅಕ್ಷರ ಸಿಕ್ಕಿತು. ಕಾವಲುಗಾರ ಕಣ್ಣುಮುಚ್ಚಿ ಕುಳಿತಿದ್ದ.

ನಮ್ಮ ಊರುಗಳಲ್ಲಿ ಅಂಗಡಿಯವರು ಜೋಡಿಸಿ ಕೊಡುವ ಕಂಪ್ಯೂಟರುಗಳಲ್ಲೂ ಕೆಲವೊಮ್ಮೆ ಇಂಥದೇ ಸಮಸ್ಯೆಯಿರುತ್ತದೆ. ನಕಲಿ ವಿಂಡೋಸ್, ನಕಲಿ ಆಫೀಸ್ ಹಾಕಿ, ಅವುಗಳನ್ನು ಚಾಲೂ ಮಾಡುವ 'ಆ್ಯಕ್ಟಿವೇಟರ್' ಓಡಿಸಲು ಡಿಫೆಂಡರನ್ನು ನಿಲ್ಲಿಸಿರುತ್ತಾರೆ. ಪರರ ದುಡಿಮೆಯನ್ನು ಬೆಲೆ ಕೊಡದೆ ಬಳಸುವುದು ಸರಿಯಲ್ಲ ಎಂಬುದು ಒಂದು ಮಾತು. ಕದ್ದ ಮಾಲಿನ ಜೊತೆ ಕಳ್ಳನೂ ಮನೆಗೆ ಬರುತ್ತಾನೆ ಎಂಬುದು ಇನ್ನೊಂದು. ಆಫೀಸ್ ಬೇಕಿದ್ದರೆ 'ಲಿಬ್ರೆ ಆಫೀಸ್' ಎಂಬುದು ಉಚಿತವಾಗಿ, ನ್ಯಾಯವಾಗಿಯೇ ಸಿಗುತ್ತದೆ. ಅದರಲ್ಲಿ ಕನ್ನಡವನ್ನೂ ಬರೆಯಬಹುದು.

ಎರಡು ಆಂಟಿವೈರಸ್ ಬೇಡ

"ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ" ಎಂಬ ಗಾದೆ ನಮ್ಮಲ್ಲಿದೆ. ಉಚಿತ ಆಂಟಿವೈರಸ್‌ಗಳು ಹಲವಾರಿವೆ. ಅವಾಸ್ಟ್, ಎವಿಜಿ, ಅವೀರಾ, ಬಿಟ್‌ಡಿಫೆಂಡರ್ ಇವುಗಳಿಗೆಲ್ಲ ಉಚಿತ ಆವೃತ್ತಿಗಳಿವೆ. ಆದರೆ ಏಕಕಾಲಕ್ಕೆ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಎರಡಿದ್ದರೆ ಒಂದು ಇನ್ನೊಂದನ್ನೇ ಕಳ್ಳನೆಂದು ಹಿಡಿಯಲು ಹೋಗುತ್ತದೆ, ಕಂಪ್ಯೂಟರ್ ಎತ್ತಿನ ಗಾಡಿಯಾಗುತ್ತದೆ. ನೀವು ಹೊರಗಿನ ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿಯೇ ಹಿಂದೆ ಸರಿಯುತ್ತದೆ. ಅದನ್ನು ತೆಗೆದರೆ ಮತ್ತೆ ಬಂದು ಕೆಲಸ ವಹಿಸಿಕೊಳ್ಳುತ್ತದೆ. ಹೊಸ ಲ್ಯಾಪ್‌ಟಾಪ್‌ನೊಂದಿಗೆ ಬರುವ ಪ್ರಾಯೋಗಿಕ ಆಂಟಿವೈರಸ್‌ನ ಅವಧಿ ಮುಗಿದು, "ಹಣ ಕಟ್ಟಿ" ಎಂದು ದಿನವೂ ಕಾಡುತ್ತಿದ್ದರೆ ಹೆದರಬೇಡಿ. ಸೆಟ್ಟಿಂಗ್ಸ್‌ನ 'ಆ್ಯಪ್ಸ್' ವಿಭಾಗಕ್ಕೆ ಹೋಗಿ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದ ಮೇಲೆ ಡಿಫೆಂಡರ್ ಆನ್ ಆಗಿದೆಯೇ ಎಂದು ನೋಡಿ.

ಉಚಿತವೆಂದರೆ ಎಲ್ಲವೂ ಧರ್ಮಕ್ಕೆ ಕೊಟ್ಟದ್ದಲ್ಲ ಎಂಬುದೂ ತಿಳಿದಿರಲಿ. ಅವಾಸ್ಟ್ ಕಂಪೆನಿ ತನ್ನ ಬಳಕೆದಾರರು ಇಂಟರ್‌ನೆಟ್‌ನಲ್ಲಿ ಏನೇನು ನೋಡುತ್ತಾರೆಂಬ ಮಾಹಿತಿಯನ್ನು 'ಜಂಪ್‌ಶಾಟ್' ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. ವಿಷಯ ಬಯಲಾದ ಬಳಿಕ 2020ರ ಜನವರಿಯಲ್ಲಿ ಅದನ್ನು ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಕಂಪೆನಿ 1.65 ಕೋಟಿ ಡಾಲರ್ ತೆರಬೇಕೆಂದು ಆದೇಶಿಸಿತು. ಆದುದರಿಂದ ಯಾವ ಉಚಿತ ಸಾಫ್ಟ್‌ವೇರ್ ಹಾಕುವಾಗಲೂ 'ನೆಕ್ಸ್ಟ್, ನೆಕ್ಸ್ಟ್' ಎಂದು ಕಣ್ಣುಮುಚ್ಚಿ ಒತ್ತಬೇಡಿ. ಮಾಹಿತಿ ಹಂಚಿಕೊಳ್ಳಲು ಒಪ್ಪಿಗೆಯೇ ಎಂದು ಕೇಳುವಲ್ಲಿ ಗುರುತು ತೆಗೆಯಿರಿ. ಜೊತೆಯಲ್ಲಿ ತೂರಿ ಬರುವ ಟೂಲ್‌ಬಾರ್, ಬ್ರೌಸರ್‌ಗಳಿಗೆ ಬೇಡವೆನ್ನಿ.

ಕಂಪ್ಯೂಟರಿನಲ್ಲಿ ಏನೋ ಇದೆ, ಡಿಫೆಂಡರಿಗೆ ಸಿಗುತ್ತಿಲ್ಲ ಎಂಬ ಸಂಶಯವಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವಂತೆ 'ಮಾಲ್‌ವೇರ್‌ಬೈಟ್ಸ್'ನ ಉಚಿತ ಆವೃತ್ತಿಯನ್ನು ಬಳಸಬಹುದು. ಉಚಿತ ಆವೃತ್ತಿ ಸದಾ ಕಾವಲು ಕಾಯುವುದಿಲ್ಲ, ನಾವು ಕರೆದಾಗ ಬಂದು ಶೋಧಿಸುತ್ತದೆ. ಹಾಗಾಗಿ ಜಗಳವಿಲ್ಲ. ನಮ್ಮ ಕೇಂದ್ರ ಸರಕಾರವೂ 2017ರಲ್ಲಿ 'ಸೈಬರ್ ಸ್ವಚ್ಛತಾ ಕೇಂದ್ರ'ವನ್ನು ಆರಂಭಿಸಿ, ಅದರ ಮೂಲಕ ಉಚಿತ ಶುದ್ಧೀಕರಣ ಸಾಧನಗಳನ್ನು ಒದಗಿಸಿದೆ.

ಕಳ್ಳ ಕಾವಲುಗಾರರು

ಎಲ್ಲಕ್ಕಿಂತ ಅಪಾಯಕಾರಿಯಾದುದು ಕಾವಲುಗಾರನ ವೇಷದಲ್ಲಿ ಬರುವ ಕಳ್ಳ. ಅಡುಗೆಯ ವಿಧಾನವನ್ನೋ ಮಗುವಿನ ಶಾಲೆಯ ಪ್ರಶ್ನೆಯನ್ನೋ ಹುಡುಕುತ್ತಿರುವಾಗ ಇದ್ದಕ್ಕಿದ್ದಂತೆ ಪರದೆ ತುಂಬ ಕೆಂಪು ಎಚ್ಚರಿಕೆ ಬರುತ್ತದೆ. "ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್‌ಗಳಿವೆ, ಕೂಡಲೇ ಈ ನಂಬರಿಗೆ ಕರೆಮಾಡಿ" ಎಂದು ಕಿರುಚುವ ಧ್ವನಿಯೂ ಕೇಳಿಸಬಹುದು. ಸಹೋದರಿಯರೇ, ಅದೊಂದು ಜಾಹೀರಾತಿನ ಪುಟ, ಅಷ್ಟೇ. ವೆಬ್ ಪುಟಕ್ಕೆ ನಿಮ್ಮ ಕಂಪ್ಯೂಟರಿನೊಳಗನ್ನು ಶೋಧಿಸಿ ವೈರಸ್ ಎಣಿಸಲು ಸಾಧ್ಯವಿಲ್ಲ. ನಿಜವಾದ ಎಚ್ಚರಿಕೆಯಲ್ಲಿ ಮೈಕ್ರೋಸಾಫ್ಟ್ ಎಂದಿಗೂ ಫೋನ್ ನಂಬರ್ ಕೊಡುವುದಿಲ್ಲ. ಆ ನಂಬರಿಗೆ ಕರೆ ಮಾಡಿದರೆ, ನಿಮ್ಮ ಕಂಪ್ಯೂಟರನ್ನು ದೂರದಿಂದ ನಡೆಸುವ ಸಾಫ್ಟ್‌ವೇರ್ ಹಾಕಿಸಿಕೊಂಡು, ಬ್ಯಾಂಕಿನ ವಿವರಕ್ಕೇ ಕೈ ಹಾಕುತ್ತಾರೆ.

ಹೀಗಾದರೆ ಪುಟದ ಮೇಲೆ ಎಲ್ಲಿಯೂ ಒತ್ತಬೇಡಿ. ಅದರ 'ಕ್ಯಾನ್ಸಲ್' ಗುಂಡಿಯೂ ಮೋಸವೇ ಆಗಿರಬಹುದು. ಕೀಲಿಮಣೆಯಲ್ಲಿ ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ ಬ್ರೌಸರ್ ಮುಚ್ಚಿ. ಆಗದಿದ್ದರೆ ಕಂಪ್ಯೂಟರನ್ನೇ ಆರಿಸಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಲೇ ಎಂದು ಬ್ರೌಸರ್ ಕೇಳಿದರೆ ಬೇಡವೆನ್ನಿ.

ಆಂಟಿವೈರಸ್ ಇಳಿಸಿಕೊಳ್ಳುವಾಗಲೂ ಹುಡುಕಾಟದಲ್ಲಿ ಮೊದಲು ಬರುವ ಜಾಹೀರಾತನ್ನು ಒತ್ತಬೇಡಿ. ಆಯಾ ಕಂಪೆನಿಯ ಸ್ವಂತ ಜಾಲತಾಣಕ್ಕೇ ಹೋಗಿ. ಹಣ ಕೊಟ್ಟು ಕೊಳ್ಳಬೇಕಾದ ಆಂಟಿವೈರಸ್‌ನ ಕ್ರ್ಯಾಕ್ ಹಾಕಿಕೊಳ್ಳುವುದಂತೂ ಹಾಲು ಕಾಯಲು ಬೆಕ್ಕನ್ನು ಕೂರಿಸಿದಂತೆಯೇ ಸರಿ.

ಪೆನ್‌ಡ್ರೈವ್ ಎಂಬ ಅತಿಥಿ

ಹಿಂದೆ ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಅದರೊಳಗಿನ ಪ್ರೋಗ್ರಾಮ್ ತಾನಾಗಿಯೇ ಓಡಲು 'ಆಟೋರನ್' ಎಂಬ ಸೌಲಭ್ಯ ದಾರಿ ಮಾಡಿಕೊಟ್ಟಿತ್ತು. ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಆ ಬಾಗಿಲನ್ನು ಮುಚ್ಚಿತು. 2011ರಲ್ಲಿ ಹಳೆಯ ಎಕ್ಸ್‌ಪಿ, ವಿಸ್ಟಾಗಳಿಗೂ ಅಪ್‌ಡೇಟ್ ಕೊಟ್ಟಿತು. ಆಗ ವೈರಸ್ ಬರೆಯುವವರು ಶಾರ್ಟ್‌ಕಟ್ ಉಪಾಯ ಹಿಡಿದರು. ನಮ್ಮ ನಿಜವಾದ ಫೋಲ್ಡರನ್ನು ಅಡಗಿಸಿ, ಆ ಜಾಗದಲ್ಲಿ ಬಾಣದ ಗುರುತಿನ ಶಾರ್ಟ್‌ಕಟ್ ಇಡುತ್ತಾರೆ. ನಾವು ಅದನ್ನು ಒತ್ತಿದರೆ ಫೋಟೋಗಳೂ ತೆರೆಯಬಹುದು, ಆದರೆ ಹಿಂದಿನಿಂದ ವೈರಸ್ ಕಂಪ್ಯೂಟರಿನೊಳಗೆ ಸೇರಿಬಿಡುತ್ತದೆ. ಇಲ್ಲಿಯೂ ಬಾಗಿಲು ತೆಗೆದವರು ನಾವೇ.

ಆದುದರಿಂದ ಹೊರಗೆ ಹೋಗಿ ಬಂದ ಪೆನ್‌ಡ್ರೈವನ್ನು ತೆರೆಯುವ ಮುನ್ನ ಅದರ ಹೆಸರಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ 'ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್' ಆರಿಸಿ. ಆ ಸಾಲು ಕಾಣದಿದ್ದರೆ 'ಶೋ ಮೋರ್ ಆಪ್ಷನ್ಸ್' ಒತ್ತಿ ನೋಡಿ. ಇದಕ್ಕಿಂತಲೂ ಒಳ್ಳೆಯದೆಂದರೆ ಪ್ರಿಂಟ್ ತೆಗೆಸಲು ಬೇರೆಯೇ ಒಂದು ಖಾಲಿ ಪೆನ್‌ಡ್ರೈವ್ ಇಟ್ಟುಕೊಳ್ಳುವುದು. ಮಾರುಕಟ್ಟೆಗೆ ಹೋಗುವಾಗ ಮನೆಯ ಒಡವೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇವೆಯೇ?

ನೆರೆಮನೆಯ ಪೆನ್‌ಡ್ರೈವ್‌ನ ಕಥೆಗೆ ಬರೋಣ. ಮೊದಲು ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿದ್ದುದನ್ನು ತೆಗೆದೆವು. ಪಟ್ಟಿ ಅಪ್‌ಡೇಟ್ ಮಾಡಿ, ಪೆನ್‌ಡ್ರೈವನ್ನು ಹೊರಗೆ ತೆಗೆದಿಟ್ಟು, 'ಸ್ಕ್ಯಾನ್ ಆಪ್ಷನ್ಸ್'ನಲ್ಲಿರುವ 'ಆಫ್‌ಲೈನ್ ಸ್ಕ್ಯಾನ್' ಓಡಿಸಿದೆವು. ವಿಂಡೋಸ್ ಪೂರ್ತಿಯಾಗಿ ಏಳುವ ಮುನ್ನವೇ ನಡೆಯುವ ಶೋಧವಿದು. ಆದುದರಿಂದ ಅಡಗಿ ಕುಳಿತ ವೈರಸ್‌ಗೆ ತಪ್ಪಿಸಿಕೊಳ್ಳುವುದು ಕಷ್ಟ. ಬಳಿಕ 'ಫುಲ್ ಸ್ಕ್ಯಾನ್'. ಕಂಪ್ಯೂಟರಿನಲ್ಲಿದ್ದುದು ಸಿಕ್ಕಿತು, ತೆಗೆದುಹಾಕಿದೆವು. ಅನಂತರ ಪೆನ್‌ಡ್ರೈವ್ ಚುಚ್ಚಿ ಅದನ್ನೂ ಸ್ಕ್ಯಾನ್ ಮಾಡಿದೆವು. ಶಾರ್ಟ್‌ಕಟ್ ಹೋಯಿತು. ಪೆನ್‌ಡ್ರೈವ್ ಈಗ ಖಾಲಿಯಾಗಿ ಕಂಡಿತು. ಆ ಸಹೋದರಿ ನನ್ನ ಕೈ ಹಿಡಿದುಕೊಂಡರು.

ಅಂಜಬೇಡಿ ಎಂದೆ. ಪೆನ್‌ಡ್ರೈವ್‌ನ ಪ್ರಾಪರ್ಟೀಸ್ ನೋಡಿದರೆ ಹದಿನಾಲ್ಕು ಜಿಬಿ ತುಂಬಿದೆಯೆಂದು ತೋರಿಸುತ್ತಿತ್ತು. ಖಾಲಿ ಮಡಕೆ ಭಾರವಿರುವುದಿಲ್ಲವಲ್ಲ! 'ಫೋಲ್ಡರ್ ಆಪ್ಷನ್ಸ್'ಗೆ ಹೋಗಿ, 'ವ್ಯೂ' ವಿಭಾಗದಲ್ಲಿ ಅಡಗಿದ ಕಡತಗಳನ್ನು ತೋರಿಸೆಂದು ಹೇಳಿ, 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್' ಎಂಬಲ್ಲಿನ ಗುರುತನ್ನೂ ತೆಗೆದೆವು. ಹೆಸರೇ ಇಲ್ಲದ ಒಂದು ಮಸುಕು ಫೋಲ್ಡರ್ ಕಂಡಿತು. ಅದರೊಳಗೆ ಎಲ್ಲವೂ ಇದ್ದವು. ಫೋಟೋ ಮತ್ತು ವೀಡಿಯೋಗಳನ್ನು ಮಾತ್ರ ಬೇರೆಡೆಗೆ ಪ್ರತಿ ಮಾಡಿಕೊಂಡು, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿದೆವು. ಬದಲಿಸಿದ್ದ ಆ ಎರಡು ಗುರುತುಗಳನ್ನೂ ಮೊದಲಿನಂತೆ ಇಟ್ಟೆವು.

ಅಬ್ಬಾರ ಧ್ವನಿ ಕೋಣೆಯಲ್ಲಿ ಕೇಳಿಸಿದಾಗ ಯಾರೂ ಮಾತಾಡಲಿಲ್ಲ.

ಬಿರುಕು ಮುಚ್ಚುವ ಅಪ್‌ಡೇಟ್

ಕಾವಲುಗಾರನಿದ್ದರೂ ಗೋಡೆಯಲ್ಲಿ ಬಿರುಕಿದ್ದರೆ ಕಷ್ಟ. ವಿಂಡೋಸ್ ಅಪ್‌ಡೇಟ್ ಎಂದರೆ ಆ ಬಿರುಕುಗಳನ್ನು ಮುಚ್ಚುವ ಗಾರೆ. 2017ರ ಮೇ 12ರಂದು 'ವಾನಾಕ್ರೈ' ಎಂಬ ರಾನ್ಸಮ್‌ವೇರ್ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಬೀಗ ಜಡಿಯಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದೆ ಕಳಿಸಬೇಕಾಯಿತು. ಇದು ಯಾರ ಕೈಯಿಂದಲೂ ಗುಂಡಿ ಒತ್ತಿಸಿಕೊಳ್ಳದೆ ಬಿರುಕಿನ ಮೂಲಕವೇ ನುಗ್ಗುವಂಥದ್ದು. ದುಃಖದ ಸಂಗತಿಯೆಂದರೆ ಆ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್ 14ರಂದು ಉಚಿತವಾಗಿ ಕೊಟ್ಟಿತ್ತು. "ನಾಳೆ ಮಾಡೋಣ" ಎಂದವರು ಸಿಕ್ಕಿಬಿದ್ದರು.

ನಿಮ್ಮಲ್ಲಿ ವಿಂಡೋಸ್ 7 ಇದ್ದರೆ, ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 10ರ ಡಿಫೆಂಡರಿಗೆ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುವುದೆಂದು ಮೈಕ್ರೋಸಾಫ್ಟ್ ಹೇಳಿದೆ. ಎಂದರೆ ಕಾವಲುಗಾರನಿದ್ದಾನೆ, ಆದರೆ ಗೋಡೆಗೆ ಸಾಮಾನ್ಯವಾಗಿ ಸಿಗುತ್ತಿದ್ದ ಗಾರೆ ನಿಂತಿದೆ. ಕಂಪ್ಯೂಟರ್ ತಾಳುವಂತಿದ್ದರೆ ವಿಂಡೋಸ್ 11ಕ್ಕೆ ಉಚಿತವಾಗಿಯೇ ಬದಲಾಯಿಸಬಹುದು. ತಾಳದಷ್ಟು ಹಳೆಯದಾಗಿದ್ದರೆ 'ಲಿನಕ್ಸ್ ಮಿಂಟ್' ಎಂಬ ಉಚಿತ ವ್ಯವಸ್ಥೆಯನ್ನು ತಿಳಿದವರಿಂದ ಹಾಕಿಸಬಹುದು. ಅದೂ ಆಗದಿದ್ದರೆ ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸವನ್ನಾದರೂ ಮಾಡಬೇಡಿ.

ಎರಡನೆಯ ಪ್ರತಿ

ಇಷ್ಟೆಲ್ಲ ಮಾಡಿದರೂ ನೂರಕ್ಕೆ ನೂರು ರಕ್ಷಣೆಯೆಂಬುದಿಲ್ಲ. ನೆರೆಮನೆಗೆ ಬಂದುದು ಅಡಗಿಸುವ ವೈರಸ್. ಬೀಗ ಜಡಿಯುವ ರಾನ್ಸಮ್‌ವೇರ್ ಬಂದಿದ್ದರೆ ಆ ಧ್ವನಿ ಮರಳುತ್ತಿತ್ತೆಂದು ಹೇಳಲಾಗದು. ಕೆಲವು ರಾನ್ಸಮ್‌ವೇರ್‌ಗಳಿಗೆ ಉಚಿತ ಕೀಲಿಗಳನ್ನು 'ನೋ ಮೋರ್ ರಾನ್ಸಮ್' ಎಂಬ ಜಾಲತಾಣ ಕೊಡುತ್ತದೆ. 2016ರಲ್ಲಿ ನೆದರ್‌ಲ್ಯಾಂಡ್ಸ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಆಂಟಿವೈರಸ್ ಕಂಪೆನಿಗಳು ಸೇರಿ ಇದನ್ನು ಆರಂಭಿಸಿದವು. ಆದರೆ ಎಲ್ಲ ಬೀಗಗಳಿಗೂ ಕೀಲಿಯಿಲ್ಲ. ಹಣ ಕೊಟ್ಟರೂ ಕಡತ ಮರಳುವ ಭರವಸೆಯಿಲ್ಲ.

ಆದುದರಿಂದ ಕಳೆದುಕೊಳ್ಳಲಾಗದ ವಸ್ತುವಿನ ಪ್ರತಿ ಒಂದೇ ಕಡೆ ಇರಬಾರದು. ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಸಾಧ್ಯವಾದರೆ ಮತ್ತೊಂದು ಮನೆಯ ಹೊರಗೆ ಇರಲಿ. ಗೂಗಲ್ ಖಾತೆಯೊಂದಿಗೆ 15 ಜಿಬಿ ಜಾಗ ಉಚಿತವಾಗಿ ಸಿಗುತ್ತದೆ. ಮುಖ್ಯವಾದ ಕಾಗದಪತ್ರ ಮತ್ತು ಆಯ್ದ ಫೋಟೋಗಳಿಗೆ ಅದು ಸಾಕಾದೀತು. ಹಾರ್ಡ್‌ಡಿಸ್ಕನ್ನು ಪ್ರತಿ ಮಾಡಿದ ಕೂಡಲೇ ಕಳಚಿ ಕಪಾಟಿನಲ್ಲಿಡಿ. ಕಂಪ್ಯೂಟರಿಗೆ ಅಂಟಿಕೊಂಡೇ ಇದ್ದರೆ ರಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ.

ಇನ್ನೊಂದು ಸಣ್ಣ ವ್ಯವಸ್ಥೆ ಮಾಡಿಕೊಳ್ಳಿ. ಮಕ್ಕಳಿಗೆ ಕಂಪ್ಯೂಟರಿನಲ್ಲಿ ಬೇರೆ ಖಾತೆ ತೆರೆದು ಅದನ್ನು 'ಸ್ಟ್ಯಾಂಡರ್ಡ್ ಯೂಸರ್' ಆಗಿಡಿ. ಆಗ ಕಾವಲುಗಾರನ ವ್ಯವಸ್ಥೆ ಬದಲಿಸಲು, ವಿಂಡೋಸ್‌ನ ಒಳಗನ್ನು ಮುಟ್ಟುವ ಸಾಫ್ಟ್‌ವೇರ್ ಹಾಕಲು ತಾಯಿಯ ಪಾಸ್‌ವರ್ಡ್ ಬೇಕಾಗುತ್ತದೆ. ಕಪಾಟಿನ ಬೀಗದ ಕೈ ನಮ್ಮ ಸೆರಗಿನಲ್ಲಿರುವಾಗ ಇದೊಂದು ಯಾಕೆ ಬೇರೆಯವರ ಕೈಯಲ್ಲಿರಬೇಕು?

ವೈರಸ್ ಬಂದೇಬಿಟ್ಟರೆ

ಮೊದಲು ಇಂಟರ್‌ನೆಟ್ ಸಂಪರ್ಕ ಕಡಿಯಿರಿ. ಬ್ಯಾಂಕು ಮತ್ತು ಈಮೇಲ್‌ಗಳ ಪಾಸ್‌ವರ್ಡನ್ನು ಆ ಕಂಪ್ಯೂಟರಿನಿಂದಲ್ಲ, ಬೇರೆ ಫೋನಿನಿಂದ ಬದಲಿಸಿ. ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಹಣ ಹೋಗಿದ್ದರೆ ನಾಚಿಕೆಯಿಂದ ಬಚ್ಚಿಡಬೇಡಿ. ಕೂಡಲೇ 1930 ನಂಬರಿಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಇದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಮಕ್ಕಳಿಂದ ತಪ್ಪಾಗಿದ್ದರೆ ಬಯ್ಯುವ ಮುನ್ನ ಒಮ್ಮೆ ಯೋಚಿಸಿ. ಅಂದು ಆ ಹುಡುಗ ಗೇಮ್‌ನ ವಿಷಯ ಬಾಯಿಬಿಡದೆ ಇದ್ದಿದ್ದರೆ, ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ ಆ ಡ್ರೈವ್‌ಗಳು ಏಕಿವೆಯೆಂದು ನಮಗೆ ತಿಳಿಯುತ್ತಿರಲಿಲ್ಲ. ಕ್ರ್ಯಾಕ್ ಆ ಕಂಪ್ಯೂಟರಿನಲ್ಲಿದೆ ಎಂಬುದೂ ತಿಳಿಯುತ್ತಿರಲಿಲ್ಲ. ಹೆದರಿದ ಮಗು ವೈರಸ್ಸನ್ನೂ ಬಚ್ಚಿಡುತ್ತದೆ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿತ್ತು. ಗ್ಯಾಸ್ ಸಿಲಿಂಡರಿನದೇ ಎಂದು ಕೇಳಿದೆ. "ಅಲ್ಲ ಆಪಾ, ಅವತ್ತು ಮಗ ಡಿಫೆಂಡರ್ ನೋಡಿ, ಫೋಟೋ ಎಲ್ಲಾ ಹಾರ್ಡ್‌ಡಿಸ್ಕಿಗೆ ಹಾಕಿ ನನ್ನ ಕೈಗೆ ಕೊಡಬೇಕು. ಆಮೇಲೇ ಅವನಿಗೆ ಗೇಮ್" ಎಂದರು. ಕಪಾಟು ತೆರೆದು ತೋರಿಸಿದರು. ಹಳೆಯ ಕೈರುಮಾಲಿನಲ್ಲಿ ಸುತ್ತಿದ ಹಾರ್ಡ್‌ಡಿಸ್ಕ್, ಮನೆಯ ಪತ್ರಗಳ ಜೊತೆಯಲ್ಲಿತ್ತು. ಆ ಕೈರುಮಾಲು ಅಬ್ಬಾರದ್ದಂತೆ.